ಟೋಕಿಯೊ ಡಿಸ್ನಿಲ್ಯಾಂಡಿನ ರಾತ್ರಿ ದೀಪದ ಮೆರವಣಿಗೆ: ಅಮ್ಮನನ್ನು ಒಂದು ಗಂಟೆ ಚಳಿಯಲ್ಲಿ ಕೂರಿಸಬಹುದಾ?

ಯೊಕೊಹಾಮಾದ ಮೈಸೂರವಳು

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಮ್ಮ ಬಂದಿದ್ದಾರೆ. 68 ವರ್ಷ. ಮಂಡಿ ನೋವಿದೆ, ಮೆಟ್ಟಿಲು ಇಳಿಯೋದು ಕಷ್ಟ. ಮುಂದಿನ ವಾರ ಅವರನ್ನೂ ನನ್ನ ಐದು ವರ್ಷದ ಮಗಳನ್ನೂ ಟೋಕಿಯೊ ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿ ರಾತ್ರಿ ಎಲೆಕ್ಟ್ರಿಕಲ್ ಪೆರೇಡ್ ಡ್ರೀಮ್‌ಲೈಟ್ಸ್ ಅಂತ ದೀಪದ ಮೆರವಣಿಗೆ ನಡೆಯುತ್ತದೆ. ಅದನ್ನು ಅಮ್ಮನಿಗೆ ತೋರಿಸಬೇಕು ಅಂತ ನನಗೆ ತುಂಬ ಆಸೆ.

ಆದರೆ ಒಳ್ಳೆ ಜಾಗ ಬೇಕಂದ್ರೆ ಒಂದು ಗಂಟೆ ಮೊದಲೇ ರಸ್ತೆ ಬದಿ ಹೋಗಿ ಕೂರಬೇಕಂತೆ. ಈಗ ಫೆಬ್ರವರಿ. ಸಮುದ್ರದ ಗಾಳಿ ಬೇರೆ. ಅಮ್ಮ ಯಾವುದನ್ನೂ ಬೇಡ ಅನ್ನುವವರಲ್ಲ. ಕೇಳಿದರೆ "ನಿಮಗೆ ಹೇಗೆ ಅನುಕೂಲವೋ ಹಾಗೆ" ಅಂತಾರೆ. ಅದೇ ನನಗೆ ಭಯ. ಹೋಗಿ ಬಂದವರು ಹೇಳಿ. ಅಷ್ಟು ಹೊತ್ತು ಕಾಯೋದಕ್ಕೆ ಅದು ತಕ್ಕದ್ದಾ? ಇಲ್ಲ ಸಂಜೆಗೇ ಮನೆಗೆ ಬಂದುಬಿಡೋದು ಒಳ್ಳೆಯದಾ?

ನಿಶಿಕಸಾಯಿ ಕನ್ನಡಿಗ

ಅಕ್ಕ, ಖಂಡಿತ ತೋರಿಸಿ. ನಾನು ಆರು ಸಲ ನೋಡಿದ್ದೇನೆ. ನಮ್ಮ ಮನೆಯಿಂದ ಹತ್ತಿರ, ಊರಿಂದ ಯಾರೇ ಬಂದರೂ ಕರೆದುಕೊಂಡು ಹೋಗುವವನು ನಾನೇ.

ಮೊದಲು ಪ್ರಯಾಣ. ಟೋಕಿಯೊ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಬೇಡಿ. ಅಲ್ಲಿ ಡಿಸ್ನಿ ಕಡೆ ಹೋಗುವ ಕೇಯ್ಯೊ (Keiyo) ಲೈನಿನ ಪ್ಲಾಟ್‌ಫಾರ್ಮ್ ನೆಲದ ಕೆಳಗೆ ಎಲ್ಲೋ ದೂರ ಇದೆ. ನಡೆದಷ್ಟೂ ಮುಗಿಯಲ್ಲ. ಮಂಡಿ ನೋವಿರುವವರು ಪಾರ್ಕಿನ ಬಾಗಿಲು ಮುಟ್ಟುವ ಮೊದಲೇ ಸುಸ್ತಾಗಿಬಿಡುತ್ತಾರೆ. ಯೊಕೊಹಾಮಾ ಸ್ಟೇಷನ್ನಿನಿಂದ ಡಿಸ್ನಿಗೆ ನೇರ ಬಸ್ ಇದೆ. ಕೂತಲ್ಲೇ ಕೂತು ಹೋಗಬಹುದು. ಅದನ್ನೇ ಹಿಡಿಯಿರಿ.

ಇನ್ನು ಜಾಗ. ಮೆರವಣಿಗೆಗೆ ಒಂದು ಗಂಟೆ ಮುಂಚೆಯಿಂದ ಚಾಪೆ ಹಾಸಬಹುದು, ಅದಕ್ಕಿಂತ ಮೊದಲು ಬಿಡುವುದಿಲ್ಲ. ಇಲ್ಲಿಯವರು ಲೀಶರ್ ಶೀಟ್ ಅಂತಾರೆ, ನೂರು ಯೆನ್ ಅಂಗಡಿಯಲ್ಲಿ ಸಿಗುತ್ತದೆ. ಚಾಪೆ ಹಾಸಿ ಎಲ್ಲರೂ ಎದ್ದು ಹೋಗುವಂತಿಲ್ಲ, ಒಬ್ಬರಾದರೂ ಕೂತಿರಬೇಕು. ಹೀಗಾಗಿ ನಿಮ್ಮವರು ಮೊದಲು ಹೋಗಿ ಕೂರಲಿ. ಅಮ್ಮ, ಮಗು ಎಲ್ಲಾದರೂ ಬೆಚ್ಚಗೆ ಒಳಗಿದ್ದು ಕೊನೆಯ ಇಪ್ಪತ್ತು ನಿಮಿಷಕ್ಕೆ ಬರಲಿ. ಒಂದು ಗಂಟೆ ಕಾಯಬೇಕಾದ್ದು ಚಾಪೆ, ಅಮ್ಮ ಅಲ್ಲ.

ಮುಂದಿನ ಸಾಲುಗಳಲ್ಲಿ ಎಲ್ಲರೂ ಕೂತೇ ನೋಡುತ್ತಾರೆ. ಹಿಂದಿನವರು ನಿಲ್ಲುತ್ತಾರೆ. ಇದನ್ನು ಇಲ್ಲಿ ಎಲ್ಲರೂ ಪಾಲಿಸುತ್ತಾರೆ, ಮಧ್ಯದಲ್ಲಿ ಯಾರೂ ಎದ್ದು ಅಡ್ಡ ಬರುವುದಿಲ್ಲ. ನನಗೆ ಈ ಪದ್ಧತಿ ಬಹಳ ಇಷ್ಟ. ಗಿಡ್ಡ ಇದ್ದವರಿಗೂ ಮಕ್ಕಳಿಗೂ ಪೂರ್ತಿ ಕಾಣುತ್ತದೆ.

ನೆಲದ ಮೇಲೆ ಕೂರಲು ಆಗಲ್ಲ ಅಂದ್ರೆ ಬೇರೆ ದಾರಿಯೂ ಇದೆ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಗಾಲಿಕುರ್ಚಿಯವರಿಗೆ ನೋಡಲು ಪ್ರತ್ಯೇಕ ಜಾಗ ಇದೆ. ಜೊತೆಯಲ್ಲಿ ಎಷ್ಟು ಜನ ಇರಬಹುದು ಅನ್ನೋದಕ್ಕೆ ಮಿತಿ ಇದೆ, ಅಲ್ಲಿಯ ಸಿಬ್ಬಂದಿಯನ್ನು ಕೇಳಿ. ದುಡ್ಡು ಕೊಟ್ಟು ಜಾಗ ಕಾದಿರಿಸುವ ವ್ಯವಸ್ಥೆಯೂ ಆ್ಯಪ್‌ನಲ್ಲಿ ಇದೆ.

ಮಂಡ್ಯ ಮಂಜ

ನನ್ನದು ಬೇರೆ ಅಭಿಪ್ರಾಯ. ಮೆರವಣಿಗೆ ನಡೆಯುವಾಗ ಅರ್ಧ ಪಾರ್ಕು ರಸ್ತೆ ಬದಿಯಲ್ಲಿ ಇರುತ್ತದೆ. ಆಗ ರೈಡುಗಳ ಕ್ಯೂ ಇಳಿಯುತ್ತದೆ. ಹಗಲಲ್ಲಿ ಒಂದೂವರೆ ಗಂಟೆ ನಿಲ್ಲಬೇಕಾದ ಕಡೆ ಬೇಗ ಹತ್ತಬಹುದು. ಮೆರವಣಿಗೆಯ ವಿಡಿಯೊ ಯೂಟ್ಯೂಬಿನಲ್ಲಿ ಪೂರ್ತಿ ಇದೆ, ಒಳ್ಳೆ ಕ್ಯಾಮೆರಾದಲ್ಲಿ ತೆಗೆದದ್ದು. ಟಿಕೆಟ್ಟಿಗೆ ಅಷ್ಟು ದುಡ್ಡು ಕೊಟ್ಟ ಮೇಲೆ ಮನೆಯಲ್ಲಿ ಸಿಗದ್ದನ್ನು ಮಾಡೋಣ ಅನ್ನೋದು ನನ್ನ ಲೆಕ್ಕ. ನಾನು ನನ್ನ ಮಗ ಹಾಗೇ ಮಾಡಿದೆವು, ಖುಷಿಯಾಗಿ ಬಂದೆವು.

ಧಾರವಾಡದ ಬೆಳಕಿನವ

ಮಂಜಣ್ಣ, ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ವಿಡಿಯೊದಲ್ಲಿ ಅದು ಪೂರ್ತಿ ಇದೆ ಅನ್ನೋ ಮಾತನ್ನು ನಾನು ಒಪ್ಪಲಾರೆ. ಮೂವತ್ತು ವರ್ಷ ನಾಟಕಕ್ಕೆ ಬೆಳಕು ಮಾಡಿದವನು ನಾನು. ಮಗ ಅಲ್ಲಿ ಕೆಲಸದಲ್ಲಿದ್ದಾಗ ಹೋಗಿ ನೋಡಿ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದ್ರಿ.

ಈ ಮೆರವಣಿಗೆಯ ಮೂಲ ನೀರಿನ ಮೇಲಿದೆ. 1971ರಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಶುರುವಾದಾಗ ಅಲ್ಲಿಯ ಕೆರೆಯಲ್ಲಿ ದೋಣಿಗಳ ಸಾಲು ಮಾಡಿದರು. ಹದಿನಾಲ್ಕು ತೆಪ್ಪ, ಒಂದೊಂದರ ಮೇಲೂ 25 ಅಡಿ ಎತ್ತರದ ಪರದೆ, ಪರದೆ ತುಂಬ ಬಲ್ಬು. ಕತ್ತಲಲ್ಲಿ ತೆಪ್ಪ ಕಾಣುವುದಿಲ್ಲ, ಪರದೆ ಕಾಣುವುದಿಲ್ಲ. ಬರೀ ಬೆಳಕಿನ ತಿಮಿಂಗಿಲ, ಬೆಳಕಿನ ಆಮೆ ನೀರ ಮೇಲೆ ಹೋಗುತ್ತವೆ. ಮುಂದಿನ ವರ್ಷ, 1972ರ ಜೂನ್ 17ರಂದು, ಅದೇ ಯೋಚನೆಯನ್ನು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ರಸ್ತೆಗೆ ತಂದರು. ಟೋಕಿಯೊ ಪಾರ್ಕು ತೆರೆದದ್ದು 1983ರಲ್ಲಿ. 1985ರಲ್ಲಿ ಅಲ್ಲಿಗೂ ಈ ಮೆರವಣಿಗೆ ಬಂತು, ಹತ್ತು ವರ್ಷ ನಡೆಯಿತು. ಆಮೇಲೆ ಬೇರೊಂದು ಬಂತು. ಈಗ ಇರುವ ಡ್ರೀಮ್‌ಲೈಟ್ಸ್ ಶುರುವಾದದ್ದು 2001ರ ಜೂನ್ 1ಕ್ಕೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಧ್ವನಿ. ನಮ್ಮೂರ ತೇರಿನಲ್ಲಿ ಮುಂದೆ ಜಾಂಝ್ ಮೇಳ, ಹಿಂದೆ ಭಜನೆ ಇರುತ್ತದೆ ಅಲ್ವಾ? ನಡುವೆ ನಿಂತವನಿಗೆ ಎರಡೂ ಬಂದು ಡಿಕ್ಕಿ ಹೊಡೆಯುತ್ತವೆ. ಇಲ್ಲಿ ಒಂದೊಂದು ರಥಕ್ಕೂ ಒಂದೊಂದು ಹಾಡು. ಆದರೂ ಡಿಕ್ಕಿ ಇಲ್ಲ. ಯಾಕೆ ಅಂದ್ರೆ ಎಲ್ಲದರ ಕೆಳಗೆ ಒಂದೇ ಮೂಲ ರಾಗ ಓಡುತ್ತಿರುತ್ತದೆ. 1967ರಲ್ಲಿ ಜಾನ್ ಜಾಕ್ ಪೆರಿ, ಗರ್ಶನ್ ಕಿಂಗ್ಸ್‌ಲಿ ಇಬ್ಬರೂ ಸೇರಿ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಮಾಡಿದ ಸಂಗೀತ ಅದು. ಮೆರವಣಿಗೆಗೆ ಅಂತ ಮಾಡಿದ್ದೇ ಅಲ್ಲ, ಐದು ವರ್ಷ ಮುಂಚಿನದು. ಪ್ರತಿ ರಥದ ಹಾಡನ್ನೂ ಆ ಮೂಲ ರಾಗದ ಲಯಕ್ಕೆ ಹೊಂದಿಸಿ ಕಟ್ಟಿದ್ದಾರೆ. ಒಂದೇ ಶ್ರುತಿ ಪೆಟ್ಟಿಗೆ, ಒಂದೇ ತಾಳ, ಮೇಲೆ ಹಾಡು ಬೇರೆ ಬೇರೆ.

ಇನ್ನು ರಸ್ತೆಯನ್ನು ತುಂಡು ತುಂಡು ವಲಯ ಮಾಡಿರುತ್ತಾರೆ. ರಥ ಒಂದು ವಲಯಕ್ಕೆ ಕಾಲಿಟ್ಟರೆ ರೇಡಿಯೊ ಸಂಕೇತ ಹೋಗಿ, ಅಲ್ಲಿಯ ಸ್ಪೀಕರುಗಳು ಆ ರಥದ ಹಾಡಿಗೆ ತಿರುಗುತ್ತವೆ. ಹೀಗಾಗಿ ಮೊದಲಲ್ಲಿ ಕೂತವರಿಗೂ ಕೊನೆಯಲ್ಲಿ ಕೂತವರಿಗೂ ಪೂರ್ತಿ ಆಟ ಸಿಗುತ್ತದೆ. ಹಾಡು ರಥದ ಜೊತೆಗೇ ನಡೆದು ಬರುತ್ತದೆ. ಬಲಗಡೆಯಿಂದ ಬಂದು, ಎದೆಗೆ ತಾಗಿ, ಎಡಗಡೆಗೆ ಹೋಗುವುದನ್ನು ಕಿವಿಯಲ್ಲಿ ಕೇಳಬಹುದು. ಇದು ವಿಡಿಯೊದಲ್ಲಿ ಬರುವುದಿಲ್ಲ ಮಂಜಣ್ಣ. ನಾನು ಮನೆಗೆ ಬಂದು ನೋಡಿದೆ, ಬರಲಿಲ್ಲ.

ಕತ್ತಲೆಯೂ ಹಾಗೇ. ಮೆರವಣಿಗೆ ಶುರುವಾಗುವಾಗ ದಾರಿಯ ದೀಪ ಆರಿಸುತ್ತಾರೆ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಿಕೊಳ್ಳಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಫೋನು ಒಂದು ಸಲ ನೋಡಿದರೆ ಮತ್ತೆ ಮೊದಲಿಂದ ಶುರು. ತಂಗಿ, ನಿಮಗೆ ನನ್ನದು ಒಂದೇ ಮಾತು. ಕಾಯುವಾಗ ಅಮ್ಮನ ಕೈಗೂ ಮಗುವಿನ ಕೈಗೂ ಫೋನು ಕೊಡಬೇಡಿ. ಸುಮ್ನೆ ಕತ್ತಲು ನೋಡುತ್ತಾ ಕೂರ್ರಿ. ಆಗ ಮೊದಲ ರಥ ಬಂದಾಗ ಒಂದೊಂದು ದೀಪವೂ ಬೇರೆ ಬೇರೆ ಕಾಣುತ್ತದೆ.

ಅನಾಹೈಮಿನ ಹಾಸನದವರು

ಬೆಳಕಿನವರೇ, ತುಂಬ ಚೆನ್ನಾಗಿ ಹೇಳಿದಿರಿ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಮೂಲ ಮೆರವಣಿಗೆಯ ಊರಲ್ಲೇ. 2022ರಲ್ಲಿ ಅದಕ್ಕೆ 50 ವರ್ಷ ತುಂಬಿತು ಅಂತ ಏಪ್ರಿಲ್‌ನಿಂದ ಕೆಲವು ತಿಂಗಳು ಮತ್ತೆ ನಡೆಸಿದರು. ಆಗ ಹೋಗಿದ್ದೆವು. ನಮ್ಮ ಹಿಂದೆ ನಿಂತಿದ್ದ ಒಬ್ಬರು ಅಜ್ಜಿ ಸಂಗೀತ ಶುರುವಾದ ತಕ್ಷಣ ಅತ್ತುಬಿಟ್ಟರು. ಚಿಕ್ಕವರಿದ್ದಾಗ ಅದೇ ಬೀದಿಯಲ್ಲಿ ಅಪ್ಪನ ಜೊತೆ ನೋಡಿದ್ದರಂತೆ. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡು ನಿಂತಿದ್ದಳು. ಯಾರೋ ಏನೋ, ಹೆಸರೂ ಕೇಳಲಿಲ್ಲ.

ಒಂದು ವ್ಯತ್ಯಾಸ ಹೇಳುತ್ತೇನೆ. ಇಲ್ಲಿ ಮೆರವಣಿಗೆ ಎರಡೂ ಕಡೆ ಅಂಗಡಿ ಇರುವ ಬೀದಿಯಲ್ಲೇ ಹೋಗುತ್ತಿತ್ತು. ಟೋಕಿಯೊದಲ್ಲಿ ಅಂಗಡಿ ಬೀದಿಗೆ ಬರುವುದಿಲ್ಲ. ಕೋಟೆಯ ಮುಂದಿನ ದೊಡ್ಡ ಬಯಲನ್ನು ಬಳಸಿಕೊಂಡು ಹೋಗುತ್ತದೆ. ಹಾಗಾಗಿ ಅಲ್ಲಿ ಕತ್ತಲೆ ಜಾಸ್ತಿ, ಆಕಾಶ ಜಾಸ್ತಿ. ಎರಡೂ ನೋಡಿದ ನನಗೆ ಟೋಕಿಯೊದ್ದೇ ಮೇಲು ಅನ್ನಿಸಿತು.

ಕುಂದಾಪುರದ ಅಕ್ಕ

ನನಗೆ ನೋಡಲು ಆಗಲೇ ಇಲ್ಲ ಮಾರಾಯ್ರೆ. ಹೋದ ವರ್ಷ ಟೂರಿನವರ ಜೊತೆ ಜಪಾನಿಗೆ ಹೋಗಿದ್ದೆವು. ಹೆಸರು ಹೇಳುವುದಿಲ್ಲ. ಸಂಜೆ ಆರೂವರೆಗೆ ಬಸ್ಸಿಗೆ ಬನ್ನಿ ಅಂದರು. ಮೆರವಣಿಗೆ ಶುರುವಾಗುವುದೇ ಅದರ ಮೇಲೆ. ನಾವು ಬಾಗಿಲಿಂದ ಹೊರಗೆ ಬರುತ್ತಿದ್ದೇವೆ, ಜಪಾನಿನ ಮಕ್ಕಳೆಲ್ಲ ಚಾಪೆ ಹಿಡಿದುಕೊಂಡು ಒಳಗೆ ಓಡುತ್ತಿದ್ದಾರೆ. ಆ ಮಕ್ಕಳ ಮುಖ ಇನ್ನೂ ಕಣ್ಣ ಮುಂದೆ ಇದೆ. ಟೂರಿನಲ್ಲಿ ಹೋಗುವವರು ದುಡ್ಡು ಕಟ್ಟುವ ಮೊದಲೇ ಕೇಳಿ: ರಾತ್ರಿ ಮೆರವಣಿಗೆ ಮುಗಿಯುವ ತನಕ ಇರ್ತೀರಾ? ಬರೆದು ಕೊಡಿ ಅನ್ನಿ.

ಮಗಳೇ, ನಿನ್ನ ಅಮ್ಮನನ್ನು ಕೂರಿಸು. ನನಗೂ 65. ನಮಗೆ ಚಳಿಗಿಂತ, ಮಕ್ಕಳು ನಮ್ಮನ್ನು ಕೇಳದೆ ಬೇಗ ಮನೆಗೆ ಕರೆದುಕೊಂಡು ಬಂದುಬಿಡುತ್ತಾರಲ್ಲ, ಅದು ಜಾಸ್ತಿ ಬೇಜಾರು.

ಯೊಕೊಹಾಮಾದ ಮೈಸೂರವಳು

ಕುಂದಾಪುರದ ಅಕ್ಕ, ನಿಮ್ಮ ಕೊನೆಯ ಮಾತು ಎರಡು ಸಲ ಓದಿದೆ. ಹೋಗುತ್ತೇವೆ. ಕೂರಿಸುತ್ತೇನೆ.

ಇನ್ನೆರಡು ಸಂದೇಹ. ಮಳೆ ಬಂದರೆ? ಮತ್ತೆ ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ, ಊಟಕ್ಕೆ ಏನು ಮಾಡಲಿ?

ನಿಶಿಕಸಾಯಿ ಕನ್ನಡಿಗ

ಮಳೆ ಬಂದರೆ ನೈಟ್‌ಫಾಲ್ ಗ್ಲೋ ಅಂತ ಸಣ್ಣ ಮೆರವಣಿಗೆ ಮಾಡುತ್ತಾರೆ. ಕೆಲವೇ ಗಾಡಿಗಳು. ಒದ್ದೆ ರಸ್ತೆಯಲ್ಲಿ ದೀಪದ ಪ್ರತಿಬಿಂಬ ಬೀಳುವುದರಿಂದ ಅದಕ್ಕೂ ಒಂದು ಚೆಂದ ಇದೆ. ಗಾಳಿ ಜೋರಾದರೆ ಮಾತ್ರ ಯಾವುದೂ ಇರುವುದಿಲ್ಲ. ಸಮುದ್ರದ ಪಕ್ಕದ ಜಾಗ, ಹಿಂದಿನ ದಿನವೇ ಗಾಳಿಯ ಮುನ್ಸೂಚನೆ ನೋಡಿಕೊಳ್ಳಿ.

ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಪಾರ್ಕಿನ ಒಳಗೆ ಬುತ್ತಿ ತಿನ್ನುವಂತಿಲ್ಲ. ಆದರೆ ಬಾಗಿಲ ಹೊರಗೆ ಪಿಕ್ನಿಕ್ ಜಾಗ ಅಂತಲೇ ಇದೆ, ಮೇಜು ಕುರ್ಚಿ ಇವೆ. ಹೊರಗೆ ಬಂದು ತಿಂದು ಮತ್ತೆ ಒಳಗೆ ಹೋಗಬಹುದು. ಒಳಗೆ ಪಾಪ್‌ಕಾರ್ನ್ ಬಹಳ ರುಚಿಯಲ್ಲಿ ಸಿಗುತ್ತದೆ, ಕರಿ ರುಚಿಯದ್ದೂ ಇದೆ. ಕರಿ ಅಂದ್ರೆ ನಮ್ಮದೇ ಅಂತ ತಗೋಬೇಡಿ, ಏನೇನು ಹಾಕಿದ್ದಾರೆ ಅಂತ ಕೇಳಿ. ಚಳಿಗೆ ಕೈರೊ ಅನ್ನುವ ಬಿಸಿ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ. ಅಮ್ಮನ ಮಂಡಿಯ ಹತ್ತಿರ, ಬಟ್ಟೆಯ ಮೇಲೆ ಇಡಿ. ಚರ್ಮಕ್ಕೆ ನೇರ ತಾಗಬಾರದು.

ಮತ್ತೊಂದು. ಮೆರವಣಿಗೆ ಹೊರಡುವುದು ಪಾರ್ಕಿನ ಫ್ಯಾಂಟಸಿಲ್ಯಾಂಡ್ ಅನ್ನೋ ಭಾಗದಿಂದ, ಹಾಂಟೆಡ್ ಮ್ಯಾನ್ಷನ್ ಅನ್ನೋ ಭೂತ ಬಂಗಲೆ ರೈಡಿನ ಪಕ್ಕದ ಬಾಗಿಲು. ಮುಗಿಯುವುದು ಟೂನ್‌ಟೌನ್ ಅನ್ನೋ ಇನ್ನೊಂದು ಭಾಗದಲ್ಲಿ. ಮೊದಲಿಂದ ಕೊನೆಯವರೆಗೆ ಮುಕ್ಕಾಲು ಗಂಟೆ. ಮೊದಲಲ್ಲಿ ಕೂತರೆ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಮಗು ಇದೆಯಲ್ಲ, ಅಲ್ಲೇ ಕೂರಿ. ಕೋಟೆಯ ಮುಂದೆ ಫೋಟೊಗೆ ಚೆನ್ನಾಗಿರುತ್ತದೆ, ಆದರೆ ಜನ ಜಾಸ್ತಿ.

ಯೊಕೊಹಾಮಾದ ಮೈಸೂರವಳು

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಮುಟ್ಟಿದಾಗ ತಡವಾಗಿತ್ತು, ಈಗ ಎಲ್ಲ ಬರೆಯುತ್ತೇನೆ.

ಬಸ್ಸಿನಲ್ಲೇ ಹೋದೆವು. ಮಧ್ಯಾಹ್ನ ಹೊರಗೆ ಬಂದು ಚಪಾತಿ, ಚಟ್ನಿಪುಡಿ, ಮೊಸರನ್ನ. ಅಮ್ಮ ದೋಣಿಯಲ್ಲಿ ಗೊಂಬೆಗಳ ಲೋಕ ನೋಡುವ ರೈಡಿಗೆ ಎರಡು ಸಲ ಹೋದರು. ಬೇರೆ ಯಾವುದಕ್ಕೂ ಬರಲಿಲ್ಲ. ಗಾಲಿಕುರ್ಚಿ ತರಲಾ ಅಂದರೆ "ನಡೆಯೋಳಿಗೆ ಯಾಕೆ" ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ನಮ್ಮವರು ಭೂತ ಬಂಗಲೆಯ ಹತ್ತಿರ ಎರಡನೇ ಸಾಲಿನಲ್ಲಿ ಚಾಪೆ ಹಾಸಿದ್ದರು. ಅಮ್ಮನನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಕರೆದುಕೊಂಡು ಹೋಗೋಣ ಅಂತ ನಾನು. ಅಮ್ಮ ಕೇಳಲಿಲ್ಲ. "ಎಲ್ಲರೂ ಕೂತ್ಕೊಂಡಿದ್ದಾರೆ, ಅಳಿಯಂದಿರು ಒಬ್ಬರೇ ಇದ್ದಾರೆ, ನಡಿ" ಅಂದರು. ಮುಕ್ಕಾಲು ಗಂಟೆ ಮೊದಲೇ ಹೋಗಿ ಕೂತೆವು. ಜಮಖಾನೆ ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿದೆ. ಶಾಲು ಸುತ್ತಿ ಮಂಡಿಯ ಕೆಳಗೆ ಇಟ್ಟೆ, ಬೆನ್ನಿಗೆ ಎರಡು ಬ್ಯಾಗು. ಸ್ವೆಟರು, ಕುಲಾವಿ, ಅದರ ಮೇಲೆ ನನ್ನ ಕೋಟು. ಎರಡು ಕೈರೊ.

ಪಕ್ಕದಲ್ಲಿ ಜಪಾನಿನ ವಯಸ್ಸಾದ ದಂಪತಿ ಇದ್ದರು. ಅಮ್ಮ ಕಾಲು ಚಾಚಲು ಒದ್ದಾಡುತ್ತಿದ್ದುದನ್ನು ನೋಡಿ, ಆ ಅಜ್ಜಿ ತಮ್ಮ ಚಾಪೆಯ ಅಂಚನ್ನು ಸದ್ದಿಲ್ಲದೆ ಮಡಚಿ ಜಾಗ ಮಾಡಿಕೊಟ್ಟರು. ಅಮ್ಮ ಕೈ ಮುಗಿದರು. ಅವರು ತಲೆ ಬಾಗಿದರು. ಸ್ವಲ್ಪ ಹೊತ್ತಿಗೆ ನೋಡಿದರೆ ಅಮ್ಮ ಅವರಿಗೆ ಡಬ್ಬಿಯಿಂದ ಕೋಡುಬಳೆ ಕೊಡುತ್ತಿದ್ದಾರೆ. ಒಳಗೆ ತಿಂಡಿ ತೆಗೆಯುವ ಹಾಗಿಲ್ಲ ಅಂತ ಮೆತ್ತಗೆ ಹೇಳಿದೆ. ಡಬ್ಬಿ ಬ್ಯಾಗಿಗೆ ಹೋಯಿತು. ಆದರೆ ಆ ಅಜ್ಜಿ ಒಂದು ಕೋಡುಬಳೆಯನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡರು.

ಧಾರವಾಡದ ಅಣ್ಣ ಹೇಳಿದ ಹಾಗೆ ಫೋನು ಎಲ್ಲ ಒಳಗೆ ಇಟ್ಟೆವು. ಮಗಳಿಗೆ ಏನು ಮಾಡೋದು ಅಂತ ಯೋಚನೆ ಇತ್ತು. ಅಮ್ಮ ಕಥೆ ಶುರು ಮಾಡಿದರು. ಚಿಕ್ಕ ಹುಡುಗಿಯಾಗಿದ್ದಾಗ ದಸರಾ ನೋಡಲು ತಾತನ ಜೊತೆ ಬೆಳಗ್ಗೆಯೇ ಹೋಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಗೋಣಿಚೀಲ ಹಾಸಿ ಕೂರುತ್ತಿದ್ದರಂತೆ. ಆಗ ಅಂಬಾರಿಯಲ್ಲಿ ಮಹಾರಾಜರೇ ಕೂತು ಬರುತ್ತಿದ್ದರು. ಬಿಸಿಲಿಗೆ ತಾತ ತಮ್ಮ ವಲ್ಲಿಯನ್ನು ನೆನೆಸಿ ತಲೆಗೆ ಹಾಕುತ್ತಿದ್ದರಂತೆ. ಆನೆ ಬರುವ ಮೊದಲು ಜನರ ಸದ್ದು ಒಂದು ಕಡೆಯಿಂದ ಹೊಳೆ ನೀರಿನ ಹಾಗೆ ಬರುತ್ತಿತ್ತಂತೆ. ಇಷ್ಟು ವರ್ಷದಲ್ಲಿ ಈ ಗೋಣಿಚೀಲದ ವಿಷಯ ನಾನು ಕೇಳಿರಲೇ ಇಲ್ಲ. ನಮ್ಮನೆಯಲ್ಲಿ ದಸರಾ ಅಂದ್ರೆ ಟಿವಿಯಲ್ಲಿ ನೋಡೋದು, ರಾತ್ರಿ ಅರಮನೆ ದೀಪ ನೋಡಿ ಬರೋದು, ಅಷ್ಟೇ.

ಆಮೇಲೆ ದಾರಿಯ ದೀಪ ಆರಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅರಮನೆಯಲ್ಲಿ ಲಕ್ಷದ ಹತ್ತಿರ ಬಲ್ಬು ಒಂದೇ ಸಲ ಹತ್ತಿಕೊಂಡಾಗ ಜನ "ಹೋ" ಅಂತಾರಲ್ಲ, ಇಲ್ಲಿ ಆರಿದಾಗ ಅಂಥದೇ ಒಂದು ಸದ್ದು, ತುಂಬ ಮೆಲ್ಲಗೆ. ಅಮ್ಮ ನನ್ನ ಕೈ ಹಿಡಿದುಕೊಂಡರು.

ಮೊದಲು ಬಂದದ್ದು ಪಿನೋಕಿಯೊ ಕಥೆಯ ನೀಲಿ ಯಕ್ಷಿಣಿ. ಎತ್ತರದಲ್ಲಿ ಒಬ್ಬಳೇ ನಿಂತಿದ್ದಾಳೆ. ಅವಳ ಲಂಗವೇ ಇಡೀ ರಥ. ಕೆಳಗಿನವರೆಗೆ ಬರೀ ದೀಪ, ಅದರಲ್ಲಿ ಅಲೆ ಅಲೆಯಾಗಿ ಬೆಳಕು ಇಳಿಯುತ್ತದೆ. ರಥ ಎಳೆಯುವವರಿಲ್ಲ, ಗಾಲಿ ಕಾಣಲ್ಲ, ಎಂಜಿನ್ ಸದ್ದಿಲ್ಲ. ಸುಮ್ಮನೆ ತೇಲಿ ಬರುತ್ತದೆ. ಅಮ್ಮ "ದೇವರ ತೆಪ್ಪ ಇದ್ದ ಹಾಗಿದೆ" ಅಂದರು. ಅಣ್ಣ, ಇದರ ಮೂಲ ತೆಪ್ಪ ಅಂತ ನೀವು ಬರೆದಿದ್ದನ್ನು ಅಮ್ಮನಿಗೆ ನಾನು ಓದಿ ಹೇಳಿರಲಿಲ್ಲ.

ಹಾಡು ನಡೆದು ಬರುವುದೂ ನಿಜ. ಕಣ್ಣು ಮುಚ್ಚಿ ಕೇಳಿದೆ. ಒಂದು ಹಾಡು ಇನ್ನೊಂದರ ಒಳಗೆ ಕರಗಿ ಹೋಗುವ ಜಾಗ ಯಾವುದು ಅಂತ ಹುಡುಕಿದೆ, ಸಿಗಲಿಲ್ಲ.

ಹತ್ತಿರದಿಂದ ಕಂಡ ಒಂದು ವಿಷಯ ಹೇಳಲೇಬೇಕು. ರಥದ ಪಕ್ಕದಲ್ಲಿ ಕುಣಿಯುವ ಹುಡುಗಿಯರ ಬಟ್ಟೆಯ ತುಂಬ ದೀಪ. ಒಬ್ಬಳು ನಮ್ಮ ಮುಂದೆ ತಿರುಗಿದಾಗ ಸೊಂಟದ ಹಿಂದೆ ಬ್ಯಾಟರಿ ಕಟ್ಟಿದ್ದ ಉಬ್ಬು ಕಾಣಿಸಿತು. ಅಷ್ಟು ಭಾರ ಹೊತ್ತುಕೊಂಡು, ಆ ಚಳಿಯಲ್ಲಿ, ಕೈ ಬೆರಳ ತುದಿಯವರೆಗೂ ನಗು. ಅಮ್ಮನ ಕುಲಾವಿ ನೋಡಿದಳೋ ಏನೋ, ಒಂದು ಮಂಡಿ ಊರಿ ಬಗ್ಗಿ, ಎರಡೂ ಕೈ ಬೀಸಿದಳು. ಉಸಿರು ಹೊಗೆಯಾಗಿ ಬರುತ್ತಿತ್ತು. ಅಮ್ಮ ಕೋಟಿನಿಂದ ಕೈ ಹೊರಗೆ ತೆಗೆದು ಅವಳಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದರು.

ಧಾರವಾಡದ ಬೆಳಕಿನವ

ತಂಗಿ, ಆ ನೆಟಿಕೆ ಮುರಿದದ್ದು ಓದಿ ಕಣ್ಣು ತುಂಬಿತು. ತೆಪ್ಪದ ಮಾತನ್ನು ಅಮ್ಮನಿಗೆ ಓದಿ ಹೇಳ್ರಿ.

ಮಂಡ್ಯ ಮಂಜ

ಒಪ್ಪಿದೆ. ಮುಂದಿನ ಸಲ ಅವ್ವನ್ನ ಕರೆದುಕೊಂಡು ಹೋಗುತ್ತೇನೆ. ರೈಡಿನ ವಿಷಯ ಮಗನಿಗೆ ಬಿಡುತ್ತೇನೆ, ನಾನು ಅವ್ವನ ಜೊತೆ ಕೂರುತ್ತೇನೆ. ಅಮ್ಮನ ಮಂಡಿ ಹೇಗಿದೆ ಈಗ?

ಕುಂದಾಪುರದ ಅಕ್ಕ

ಮಗು ಪೂರ್ತಿ ನೋಡಿತಾ? ನಿದ್ದೆ ಹೋಯಿತಾ?

ಯೊಕೊಹಾಮಾದ ಮೈಸೂರವಳು

ಮಂಜಣ್ಣ, ಏಳುವಾಗ ಕಷ್ಟವಾಯಿತು. ನಮ್ಮವರು ಒಂದು ಕಡೆ, ಆ ಜಪಾನಿ ಅಜ್ಜ ಇನ್ನೊಂದು ಕಡೆ ಹಿಡಿದು ಎಬ್ಬಿಸಿದರು. ಇವತ್ತು ಬೆಳಗ್ಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಾರೆ. ನೋವು ಇದೆಯಾ ಅಂದರೆ ಮಾಮೂಲಿ ಅಂತಾರೆ.

ಅಕ್ಕ, ಹೊಗೆ ಬಿಡುವ ಹಸಿರು ಡ್ರ್ಯಾಗನ್ ಬಂದಾಗ ಮಗಳು ಎದ್ದು ಕುಣಿಯಲು ಹೊರಟಳು, ಹಿಡಿದು ಕೂರಿಸಿದೆ. ಬಣ್ಣ ಬದಲಾಯಿಸುವ, ಅಲ್ಲಾದೀನನ ದೀಪದ ಭೂತ ಅವಳಿಗೆ ಬಹಳ ಇಷ್ಟವಾಯಿತು. ಆದರೆ ಸಿಂಡ್ರೆಲಾ ಬಂಡಿ ಬರುವ ಹೊತ್ತಿಗೆ ಅಮ್ಮನ ತೊಡೆಯ ಮೇಲೆ ನಿದ್ದೆ. ಎಬ್ಬಿಸಲು ಹೋದೆ. ಅಮ್ಮ ತಡೆದರು. "ಮಲಗಲಿ ಬಿಡು. ತಾತನ ತೊಡೆ ಮೇಲೆ ನಾನೂ ಹೀಗೇ ಮಲಗಿಬಿಡ್ತಿದ್ದೆ, ಆನೆ ಬಂದಾಗ ಎಬ್ಬಿಸೋರು" ಅಂದರು.

ಏಪ್ರಿಲ್‌ವರೆಗೂ ಅಮ್ಮ ಇಲ್ಲೇ ಇರುತ್ತಾರೆ. ಇನ್ನೊಂದು ಸಲ ಹೋಗೋಣವಾ ಅಂತ ಕೇಳಿದೆ. "ಚಾಪೆ ಇನ್ನೂ ಸ್ವಲ್ಪ ದಪ್ಪದ್ದು ತಗೋ" ಅಂದರು.